ಡ್ರೋನ್ ನಕ್ಷೆಯ ನಿಖರತೆ: ಕ್ಯಾಮೆರಾ ಎಲ್ಲಿತ್ತು, ಎತ್ತ ನೋಡುತ್ತಿತ್ತು? ಪದೇ ಪದೇ ಕೇಳುವ ಪ್ರಶ್ನೆಗಳು

ಮೇಲಿನಿಂದ ತೆಗೆದ ಫೋಟೊಗಳಿಂದ ನಕ್ಷೆ ಮಾಡುವವರಿಗಾಗಿ ಈ ಪುಟ. ಡ್ರೋನ್ ಹಾರಿಸುವವರು, ಸರ್ವೆಯರ್‌ಗಳು, ಸಿವಿಲ್ ಓದುತ್ತಿರುವವರು, ತಮ್ಮ ಊರಿನ ನಕ್ಷೆ ಸರಿಯಿದೆಯಾ ಎಂದು ತಿಳಿಯಬೇಕಾದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಒಂದು ಕಡೆ ಆದ ತಪ್ಪು ಇನ್ನೊಂದು ಕಡೆ ಹೋಗಿ ಅಡಗುತ್ತದೆ. ಲೆನ್ಸಿನ ತಪ್ಪು ಎತ್ತರದಲ್ಲಿ ಅಡಗುತ್ತದೆ, ಗಡಿಯಾರದ ತಪ್ಪು ಸ್ಥಾನದಲ್ಲಿ ಅಡಗುತ್ತದೆ. ಸಾಫ್ಟ್‌ವೇರ್ ಮಾತ್ರ ಎಲ್ಲಾ ಸರಿಯಿದೆ ಎನ್ನುತ್ತದೆ. ಕೆಳಗಿನ ಹೆಚ್ಚಿನ ಉತ್ತರಗಳು ಆ ತಪ್ಪನ್ನು ಹೊರಗೆಳೆಯುವ ದಾರಿಗಳೇ.

ಸೆನ್ಸರ್ ಓರಿಯೆಂಟೇಶನ್ ಅಂದರೆ ಏನು?

ಫೋಟೊ ತೆಗೆದ ಕ್ಷಣದಲ್ಲಿ ಕ್ಯಾಮೆರಾ ಎಲ್ಲಿತ್ತು, ಯಾವ ಕಡೆಗೆ ತಿರುಗಿತ್ತು ಎಂಬ ಲೆಕ್ಕ. ಇದಕ್ಕೆ ಆರು ಸಂಖ್ಯೆ ಬೇಕು. ಪೂರ್ವ, ಉತ್ತರ, ಎತ್ತರ ಎಂದು ಮೂರು. ಹಾರುವ ದಿಕ್ಕಿನ ಎಡಬಲಕ್ಕೆ ವಾಲಿದ ಕೋನ, ಮುಂದೆ ಹಿಂದೆ ಬಾಗಿದ ಕೋನ, ದಿಕ್ಸೂಚಿಯಂತೆ ತಿರುಗಿದ ಕೋನ ಎಂದು ಇನ್ನು ಮೂರು. ಪ್ರತಿ ಫೋಟೊಗೂ ಈ ಆರು ಬೇರೆ ಬೇರೆ. 500 ಫೋಟೊ ತೆಗೆದರೆ 3000 ಸಂಖ್ಯೆ.

ಇದರ ಜೊತೆ ಕ್ಯಾಮೆರಾದ ಒಳಗಿನ ಲೆಕ್ಕವೂ ಇದೆ. ಲೆನ್ಸಿನ ಫೋಕಲ್ ಉದ್ದ ಎಷ್ಟು, ಚಿತ್ರದ ನಡುಬಿಂದು ನಿಜಕ್ಕೂ ಎಲ್ಲಿದೆ, ಲೆನ್ಸ್ ಗೆರೆಗಳನ್ನು ಎಷ್ಟು ಬಗ್ಗಿಸುತ್ತದೆ ಎಂಬುದು. ಹೊರಗಿನ ಆರು ಮತ್ತು ಒಳಗಿನ ಇವು, ಎರಡೂ ಸರಿಯಿದ್ದರೆ ಮಾತ್ರ ಫೋಟೊದ ಒಂದು ಪಿಕ್ಸೆಲ್ ನೆಲದ ಸರಿಯಾದ ಜಾಗಕ್ಕೆ ಹೋಗಿ ಕೂರುತ್ತದೆ.

ಕೋನ ಸ್ವಲ್ಪ ತಪ್ಪಿದರೆ ಅಷ್ಟೊಂದು ವ್ಯತ್ಯಾಸ ಆಗುತ್ತದಾ?

ಹಾರುವ ಎತ್ತರದ ಮೇಲೆ ನಿಂತಿದೆ. 100 ಮೀಟರ್ ಮೇಲಿರುವ ಡ್ರೋನ್‌ನಲ್ಲಿ ಕೋನ 1 ಡಿಗ್ರಿ ತಪ್ಪಿದರೆ ನೆಲದ ಮೇಲೆ 1.75 ಮೀಟರ್ ತಪ್ಪು. 0.1 ಡಿಗ್ರಿಗೆ 17 ಸೆಂ.ಮೀ., 0.01 ಡಿಗ್ರಿಗೆ ಸುಮಾರು 2 ಸೆಂ.ಮೀ. ವಿಮಾನ 1500 ಮೀಟರ್ ಮೇಲಿದ್ದರೆ 0.005 ಡಿಗ್ರಿಯೇ 13 ಸೆಂ.ಮೀ. ಆಗುತ್ತದೆ. ಸರ್ವೆ ವಿಮಾನಗಳಲ್ಲಿ ತುಂಬಾ ದುಬಾರಿಯ ಜಡತ್ವ ಮಾಪಕ, ಅಂದರೆ ಐಎಂಯು, ಇಡುವುದು ಈ ಕಾರಣಕ್ಕೆ. ಸಾಮಾನ್ಯ ಡ್ರೋನ್‌ನ ಗಿಂಬಲ್ (ಕ್ಯಾಮೆರಾ ಹಿಡಿದಿಡುವ ತಿರುಗುವ ಜೋಡಣೆ) ಕೊಡುವ ಕೋನವನ್ನು ಅಷ್ಟು ನಂಬಲು ಬರುವುದಿಲ್ಲ. ಅದು ಸಾಫ್ಟ್‌ವೇರ್‌ಗೆ ಲೆಕ್ಕ ಶುರುಮಾಡಲು ಒಂದು ಅಂದಾಜು ಅಷ್ಟೆ.

ಈ ಆರು ಸಂಖ್ಯೆಗಳು ಸಿಗುವುದು ಹೇಗೆ?

ಮೂರು ದಾರಿಗಳಿವೆ.

ಹಳೆಯ ದಾರಿ ನೆಲದಿಂದ ಮೇಲಕ್ಕೆ. ನೆಲದ ಮೇಲೆ ಅಳೆದು ಗುರುತು ಹಾಕುತ್ತಾರೆ. ಇದನ್ನೇ ಎಲ್ಲರೂ ಜಿಸಿಪಿ (ಗ್ರೌಂಡ್ ಕಂಟ್ರೋಲ್ ಪಾಯಿಂಟ್) ಎನ್ನುತ್ತಾರೆ. ಅಕ್ಕಪಕ್ಕದ ಫೋಟೊಗಳಲ್ಲಿ ಒಂದೇ ಜಾಗ ಕಾಣುವ ಸಾವಿರಾರು ಬಿಂದುಗಳನ್ನು ಜೋಡಿಸಿ, ಗುರುತುಗಳ ಸಹಾಯದಿಂದ ಎಲ್ಲಾ ಫೋಟೊಗಳ ಆರು ಸಂಖ್ಯೆಗಳನ್ನು ಒಟ್ಟಿಗೆ ಲೆಕ್ಕ ಹಾಕುತ್ತಾರೆ. ಎರಡನೆಯದು ನೇರ ದಾರಿ. ವಿಮಾನದಲ್ಲೇ ಜಿಪಿಎಸ್ ಮತ್ತು ಐಎಂಯು ಇಟ್ಟು ಆರನ್ನೂ ಗಾಳಿಯಲ್ಲೇ ಅಳೆಯುವುದು. ಮೂರನೆಯದು ಎರಡನ್ನೂ ಕೂಡಿಸುವುದು.

ಎರಡನೆಯ ದಾರಿ ಬಂದಾಗ ಇನ್ನು ಜಿಸಿಪಿ ಬೇಕಿಲ್ಲ ಎಂದು ಬಹಳ ಜನ ನಂಬಿದ್ದರು. ಅದನ್ನು ಪರೀಕ್ಷಿಸಲು 1999ರಲ್ಲಿ ನಾರ್ವೆಯ ಫ್ರೆಡ್ರಿಕ್‌ಸ್ಟಾಡ್ ಊರಿನ ಮೇಲೆ ಹಾರಾಟ ನಡೆಸಿದರು. ಜರ್ಮನಿಯ ಹ್ಯಾನೋವರ್ ವಿಶ್ವವಿದ್ಯಾಲಯ ಆ ಲೆಕ್ಕಗಳನ್ನು ಮುನ್ನಡೆಸಿತು. ಆರ್ಥೋಫೋಟೊ, ಅಂದರೆ ನಕ್ಷೆಯ ಅಳತೆಗೆ ಸರಿಪಡಿಸಿದ ಫೋಟೊ, ಮಾಡುವುದಕ್ಕೆ ನೇರ ದಾರಿ ಚೆನ್ನಾಗಿಯೇ ಸಾಕು ಎಂದು ತಿಳಿಯಿತು. ಆದರೆ ಎರಡು ಫೋಟೊ ಜೋಡಿಸಿ ಮೂರು ಆಯಾಮದಲ್ಲಿ ನೋಡುವಾಗ ಅವು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಫೋಟೊಗಳ ನಡುವಿನ ಜೋಡಣೆ ಬಿಂದುಗಳನ್ನೂ ಲೆಕ್ಕಕ್ಕೆ ಸೇರಿಸಿದಾಗ ಆ ತೊಂದರೆ ಹೋಯಿತು. ಇವತ್ತು ಡ್ರೋನ್‌ನಲ್ಲಿ ನಾವು ಮಾಡುವುದೂ ಬಹುಪಾಲು ಈ ಮೂರನೆಯ ದಾರಿಯೇ. ಸ್ಥಾನ ಗಾಳಿಯಲ್ಲಿ ಅಳೆಯುತ್ತೇವೆ, ಕೋನ ಫೋಟೊಗಳಿಂದ ಬರುತ್ತದೆ.

ನಮ್ಮ ಡ್ರೋನ್‌ನಲ್ಲಿ ಆರ್‌ಟಿಕೆ ಇದೆ. ಇನ್ನೂ ಜಿಸಿಪಿ ಹಾಕಬೇಕಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಆರ್‌ಟಿಕೆ ಅಂದರೆ ನೆಲದ ಮೇಲಿಟ್ಟ ಇನ್ನೊಂದು ಜಿಪಿಎಸ್‌ನ, ಅಂದರೆ ಬೇಸ್‌ನ, ಸಹಾಯದಿಂದ ಡ್ರೋನ್‌ನ ಸ್ಥಾನವನ್ನು ಸೆಂ.ಮೀ. ಮಟ್ಟಕ್ಕೆ ಸರಿಪಡಿಸುವುದು. ನನ್ನ ಉತ್ತರ: ಸಂಖ್ಯೆ ಕಡಿಮೆ ಮಾಡಿ, ಪೂರ್ತಿ ಬಿಡಬೇಡಿ.

ಕಾರಣ ಎತ್ತರದಲ್ಲಿದೆ. ಸಮತಟ್ಟಾದ ಹೊಲದ ಮೇಲೆ, ಒಂದೇ ಎತ್ತರದಲ್ಲಿ, ಕ್ಯಾಮೆರಾ ನೇರ ಕೆಳಗೆ ನೋಡುತ್ತಾ ಹಾರಿದಿರಿ ಎನ್ನಿ. ಕ್ಯಾಮೆರಾಗಳ ಸ್ಥಾನ ಆರ್‌ಟಿಕೆಯಿಂದ 2–3 ಸೆಂ.ಮೀ.ಗೆ ಗೊತ್ತಿದೆ. ಆದರೆ ಫೋಕಲ್ ಉದ್ದ ಸ್ವಲ್ಪ ತಪ್ಪಾಗಿದೆ. ಆಗ ಸಾಫ್ಟ್‌ವೇರ್‌ಗೆ ನೆಲ ಮೇಲಿದೆಯೋ, ಲೆನ್ಸ್ ಉದ್ದವಿದೆಯೋ ಎಂದು ಬಿಡಿಸಿ ಹೇಳಲು ಆಗುವುದಿಲ್ಲ. ಎರಡಕ್ಕೂ ಫೋಟೊ ಒಂದೇ ತರಹ ಕಾಣುತ್ತದೆ.

ಲೆಕ್ಕ ನೋಡಿ. 8.8 ಮಿ.ಮೀ. ಲೆನ್ಸ್, 1 ಇಂಚಿನ 20 ಮೆಗಾಪಿಕ್ಸೆಲ್ ಸೆನ್ಸರ್ ಇರುವ ಕ್ಯಾಮೆರಾದಲ್ಲಿ ಫೋಕಲ್ ಉದ್ದ ಸುಮಾರು 3650 ಪಿಕ್ಸೆಲ್ ಆಗುತ್ತದೆ. 100 ಮೀಟರ್ ಎತ್ತರದಲ್ಲಿ ಒಂದು ಪಿಕ್ಸೆಲ್ ನೆಲದ ಮೇಲೆ 2.7 ಸೆಂ.ಮೀ. ಫೋಕಲ್ ಉದ್ದ 3 ಪಿಕ್ಸೆಲ್ ತಪ್ಪಿದರೆ ಇಡೀ ನೆಲ 8 ಸೆಂ.ಮೀ. ಮೇಲೋ ಕೆಳಗೋ ಹೋಗುತ್ತದೆ. ಅಡ್ಡಕ್ಕೆ ನೋಡಿದರೆ ನಕ್ಷೆ ಸರಿಯಾಗಿಯೇ ಇರುತ್ತದೆ. ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಕೆರೆಯ ಹೂಳು ಎಷ್ಟು, ಕ್ವಾರಿಯಲ್ಲಿ ಎಷ್ಟು ಕಲ್ಲು ತೆಗೆದರು ಎಂದು ಲೆಕ್ಕ ಹಾಕುವಾಗ ಈ 8 ಸೆಂ.ಮೀ. ದೊಡ್ಡ ಮೊತ್ತ. ಒಂದು ಎಕರೆಗೆ ಅದು 320 ಘನ ಮೀಟರ್‌ಗಿಂತ ಜಾಸ್ತಿ.

ಒಂದೇ ಒಂದು ಒಳ್ಳೆಯ ಜಿಸಿಪಿ ಈ ಗಂಟನ್ನು ಬಿಡಿಸುತ್ತದೆ. ಎರಡು ಮೂರು ಇದ್ದರೆ ಒಂದರ ಅಳತೆ ತಪ್ಪಿದ್ದರೂ ಗೊತ್ತಾಗುತ್ತದೆ. ಇವುಗಳ ಜೊತೆ ಲೆಕ್ಕಕ್ಕೆ ಸೇರಿಸದ ಚೆಕ್ ಪಾಯಿಂಟ್‌ಗಳು ಬೇಕೇ ಬೇಕು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಆರ್‌ಟಿಕೆ ಒಳ್ಳೆಯದಾ, ಪಿಪಿಕೆ ಒಳ್ಳೆಯದಾ?

ಎರಡೂ ಒಂದೇ ಲೆಕ್ಕ. ಆರ್‌ಟಿಕೆ ಹಾರುವಾಗಲೇ ಮಾಡುತ್ತದೆ, ಪಿಪಿಕೆ ಮನೆಗೆ ಬಂದ ಮೇಲೆ ಮಾಡುತ್ತದೆ. ಮಲೆನಾಡಿನಂತಹ ಕಡೆ ಮೊಬೈಲ್ ಸಿಗ್ನಲ್ ನಡುವೆ ನಡುವೆ ಹೋಗುತ್ತದೆ. ಆಗ ಆರ್‌ಟಿಕೆ ಫಿಕ್ಸ್, ಅಂದರೆ ಸೆಂ.ಮೀ. ಮಟ್ಟದ ಲೆಕ್ಕ, ಕಳೆದುಕೊಂಡು ಕೆಲವು ಫೋಟೊಗಳ ಸ್ಥಾನ ಮೀಟರ್‌ಗಟ್ಟಲೆ ತಪ್ಪಬಹುದು. ಪಿಪಿಕೆಯಲ್ಲಿ ಆ ಭಯವಿಲ್ಲ. ದತ್ತಾಂಶವನ್ನು ಮುಂದಿನಿಂದ ಹಿಂದಕ್ಕೂ, ಹಿಂದಿನಿಂದ ಮುಂದಕ್ಕೂ ಓಡಿಸಿ ಎರಡನ್ನೂ ಹೋಲಿಸಬಹುದು. ಆರ್‌ಟಿಕೆಯಲ್ಲಿ ಹಾರಿಸಿದರೂ ಕಚ್ಚಾ ದತ್ತಾಂಶ ಉಳಿಸಿಕೊಳ್ಳಿ. ಬೇಸ್‌ನದ್ದೂ ಉಳಿಸಿ. ಆಮೇಲೆ ಪಿಪಿಕೆ ಮಾಡುವ ದಾರಿ ತೆರೆದಿರುತ್ತದೆ.

ಇನ್ನೊಂದು ಮಾತು. ನಾವಿರುವುದು ಭೂಮಧ್ಯರೇಖೆಗೆ ಹತ್ತಿರ. ಇಲ್ಲಿ ಅಯಾನುಗೋಳದ, ಅಂದರೆ ಜಿಪಿಎಸ್ ಸಿಗ್ನಲ್ ಕೆಡಿಸುವ ಮೇಲಿನ ವಾತಾವರಣದ ಪದರದ, ಕಾಟ ಜಾಸ್ತಿ. ಮುಖ್ಯವಾಗಿ ಸೂರ್ಯ ಮುಳುಗಿದ ಮೇಲಿನ ಕೆಲವು ಗಂಟೆ, ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನ ತಿಂಗಳುಗಳಲ್ಲಿ ಸಿಗ್ನಲ್ ನಡುಗುತ್ತದೆ. ಡ್ರೋನ್ ಹಗಲಲ್ಲೇ ಹಾರುತ್ತದೆ, ಸರಿ. ಆದರೆ ಜಿಸಿಪಿಗಳನ್ನು ಸಂಜೆ ಅಳೆಯಲು ಹೋಗುವವರು ಇದನ್ನು ನೆನಪಿಡಬೇಕು.

ಬೇಸ್ ಅನ್ನು ಎಲ್ಲಿ ಇಡಬೇಕು? ಅದರ ಸ್ಥಾನ ಯಾವುದು ಕೊಡಬೇಕು?

ಆಕಾಶ ತೆರೆದಿರುವ ಜಾಗದಲ್ಲಿ, ಹಾರುವ ಜಾಗಕ್ಕೆ ಹತ್ತಿರದಲ್ಲಿ. 10 ಕಿ.ಮೀ. ಒಳಗಿದ್ದರೆ ನೆಮ್ಮದಿ. ತಗಡಿನ ಶೆಡ್, ದೊಡ್ಡ ಮರ, ಹೈಟೆನ್ಷನ್ ತಂತಿಯಿಂದ ದೂರವಿರಲಿ.

ಸ್ಥಾನದ ವಿಷಯ ಇದಕ್ಕಿಂತ ದೊಡ್ಡದು. ಬೇಸ್ ಇಟ್ಟು, ಅದು ತಾನಾಗಿ ತೋರಿಸುವ ಸ್ಥಾನವನ್ನೇ ಒಪ್ಪಿಕೊಂಡರೆ ಅದು 2–3 ಮೀಟರ್ ತಪ್ಪಿರಬಹುದು. ಆ ತಪ್ಪು ಪ್ರತಿ ಫೋಟೊಗೂ, ಅದೇ ಬೇಸ್‌ನಿಂದ ಅಳೆದ ಪ್ರತಿ ಜಿಸಿಪಿಗೂ ಸಮನಾಗಿ ಹೋಗುತ್ತದೆ. ರಿಪೋರ್ಟ್‌ನಲ್ಲಿ 2 ಸೆಂ.ಮೀ. ಎಂದೇ ಬರುತ್ತದೆ. ಆದರೆ ಇಡೀ ನಕ್ಷೆ 2 ಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಪಕ್ಕದ ಊರಿನ ನಕ್ಷೆ ಪಕ್ಕದಲ್ಲಿಟ್ಟಾಗ ಮಾತ್ರ ಗೊತ್ತಾಗುತ್ತದೆ.

ಬೇಸ್ ಅನ್ನು ಕೆಲವು ಗಂಟೆ ಬಿಟ್ಟು, ಅದರ ಸ್ಥಾನವನ್ನು ಸರ್ವೆ ಆಫ್ ಇಂಡಿಯಾದ ಕಾರ್ಸ್ ನೆಲೆಗಳಿಂದ, ಅಂದರೆ ಸದಾ ಅಳೆಯುತ್ತಿರುವ ಕಾಯಂ ಜಿಪಿಎಸ್ ನೆಲೆಗಳಿಂದ, ಲೆಕ್ಕ ಹಾಕಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಂತರರಾಷ್ಟ್ರೀಯ ಜಾಲಕ್ಕೆ ಸೇರಿದ ಕಾಯಂ ನೆಲೆಯೂ ಇದೆ. ಅಂತಹ ನೆಲೆಗಳ ದಾಖಲೆಯಿಂದ ಒಂದು ಸಂಗತಿ ಸ್ಪಷ್ಟವಾಗಿ ಕಾಣುತ್ತದೆ. ನಮ್ಮ ನೆಲ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯಕ್ಕೆ ಸರಿಯುತ್ತಿದೆ. 20 ವರ್ಷಕ್ಕೆ 1 ಮೀಟರ್. ಆದ್ದರಿಂದ ಯಾರಾದರೂ ಕಂಟ್ರೋಲ್ ಪಾಯಿಂಟ್ ಕೊಟ್ಟರೆ ಸಂಖ್ಯೆ ಮಾತ್ರ ತೆಗೆದುಕೊಳ್ಳಬೇಡಿ. ಅದು ಯಾವ ವರ್ಷಕ್ಕೆ ಲೆಕ್ಕ ಹಾಕಿದ ಸಂಖ್ಯೆ ಎಂದೂ ಕೇಳಿ. ಬೇಸ್‌ಗೆ ಒಂದು ವರ್ಷದ್ದು, ಜಿಸಿಪಿಗೆ ಇನ್ನೊಂದು ವರ್ಷದ್ದು ಬೆರೆತರೆ ಎರಡೂ ಜಗಳವಾಡುತ್ತವೆ.

ಆಂಟೆನಾ ಮತ್ತು ಕ್ಯಾಮೆರಾ ನಡುವಿನ ಅಂತರ ಲೆಕ್ಕಕ್ಕೆ ಹಿಡಿಯಬೇಕಾ?

ಖಂಡಿತ. ಜಿಪಿಎಸ್ ಅಳೆಯುವುದು ಆಂಟೆನಾದ ಸ್ಥಾನ. ನಮಗೆ ಬೇಕಿರುವುದು ಲೆನ್ಸಿನ ಸ್ಥಾನ. ಆಂಟೆನಾ ಕ್ಯಾಮೆರಾಗಿಂತ 20 ಸೆಂ.ಮೀ. ಮೇಲಿದ್ದು ಅದನ್ನು ಬಿಟ್ಟುಬಿಟ್ಟರೆ ಎತ್ತರ 20 ಸೆಂ.ಮೀ. ತಪ್ಪುತ್ತದೆ. ಇದಕ್ಕೆ ಲಿವರ್ ಆರ್ಮ್ ಎನ್ನುತ್ತಾರೆ. ಕಾರ್ಖಾನೆಯಲ್ಲೇ ಜೋಡಿಸಿದ ಡ್ರೋನ್‌ಗಳು ಇದನ್ನು ತಾವೇ ಸರಿಪಡಿಸುತ್ತವೆ ಅಥವಾ ಪ್ರತಿ ಫೋಟೊಗೂ ಬರೆದಿಡುತ್ತವೆ. ಎರಡು ಸಲ ಸರಿಪಡಿಸುವುದೂ ತಪ್ಪೇ. ನಿಮ್ಮ ಪಿಪಿಕೆ ಸಾಫ್ಟ್‌ವೇರ್ ಅದನ್ನು ಕಳೆಯುತ್ತದೆಯೋ ಇಲ್ಲವೋ ನೋಡಿಕೊಳ್ಳಿ. ಬೇರೆ ಕಿಟ್ ಕೂರಿಸಿದ ಡ್ರೋನ್ ಆದರೆ ನೀವೇ ಅಳೆಯಬೇಕು. ಡ್ರೋನ್ ಮುಂದಕ್ಕೆ ಬಾಗಿ ಹಾರುವಾಗ ಈ ಅಂತರವೂ ಓರೆಯಾಗುತ್ತದೆ ಎಂಬುದನ್ನೂ ಮರೆಯಬಾರದು.

ಸಮಯದ ವಿಷಯ ಇದಕ್ಕೆ ಅಂಟಿಕೊಂಡೇ ಇದೆ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹಾರುವಾಗ, ಶಟರ್ ತೆರೆದ ಸಮಯ 10 ಮಿಲಿಸೆಕೆಂಡ್ ತಪ್ಪಾಗಿ ದಾಖಲಾದರೆ ಸ್ಥಾನ 10 ಸೆಂ.ಮೀ. ತಪ್ಪುತ್ತದೆ. ಈ ತಪ್ಪು ಹಿಡಿಯಲು ಸುಲಭದ ಒಂದು ದಾರಿ ಇದೆ. ಡ್ರೋನ್ ಹೋಗುವ ಸಾಲು ಒಂದು ಕಡೆಗೆ, ಬರುವ ಸಾಲು ಅದಕ್ಕೆ ಎದುರು ದಿಕ್ಕಿಗೆ. ತಪ್ಪು ಸಮಯದಿಂದ ಬಂದಿದ್ದರೆ ಹೋಗುವ ಸಾಲಿನ ಫೋಟೊಗಳೆಲ್ಲಾ ಮುಂದಕ್ಕೆ, ಬರುವ ಸಾಲಿನವು ಅದಕ್ಕೆ ವಿರುದ್ಧ ದಿಕ್ಕಿಗೆ ಸರಿದಿರುತ್ತವೆ. ಕ್ಯಾಮೆರಾ ಸ್ಥಾನಗಳ ಉಳಿಕೆ ತಪ್ಪನ್ನು ಬಾಣಗಳಾಗಿ ತೋರಿಸುವ ಚಿತ್ರ ಸಾಫ್ಟ್‌ವೇರ್‌ನಲ್ಲಿ ಸಿಗುತ್ತದೆ. ಬಾಣಗಳು ಸಾಲಿಗೊಂದು ದಿಕ್ಕಿಗೆ ತಿರುಗಿದ್ದರೆ ಗಡಿಯಾರವನ್ನೇ ನೋಡಬೇಕು. ಎಲ್ಲಾ ಬಾಣ ಒಂದೇ ದಿಕ್ಕಿಗಿದ್ದರೆ ಬೇಸ್ ನೋಡಬೇಕು.

ಬೋರ್‌ಸೈಟ್ ಎಂದರೇನು? ಡ್ರೋನ್‌ಗೂ ಬೇಕಾ?

ಐಎಂಯು ತೋರಿಸುವ ದಿಕ್ಕು ಮತ್ತು ಕ್ಯಾಮೆರಾ ನೋಡುವ ದಿಕ್ಕು ಎಷ್ಟೇ ಹುಷಾರಾಗಿ ಜೋಡಿಸಿದರೂ ಪೂರ್ತಿ ಒಂದೇ ಆಗುವುದಿಲ್ಲ. ಆ ಸಣ್ಣ ಕೋನವೇ ಬೋರ್‌ಸೈಟ್ ತಪ್ಪು. ಕೋನಗಳನ್ನು ಐಎಂಯುನಿಂದಲೇ ತೆಗೆದುಕೊಳ್ಳುವ ವಿಮಾನ ಸರ್ವೆಗೆ, ಲೇಸರ್‌ನಿಂದ ಅಳೆಯುವ ಲೈಡಾರ್‌ಗೆ ಇದು ಜೀವಾಳ. ಕಟ್ಟಡಗಳಿರುವ ಜಾಗದ ಮೇಲೆ ಹೋಗಿ ಬಂದು, ಅಡ್ಡಸಾಲನ್ನೂ ಹಾರಿ, ಎರಡು ಎತ್ತರದಲ್ಲಿ ಹಾರಿ ಇದನ್ನು ಲೆಕ್ಕ ಹಾಕುತ್ತಾರೆ. ಕ್ಯಾಮೆರಾ ಬಿಚ್ಚಿ ಮತ್ತೆ ಕೂರಿಸಿದರೆ ಮತ್ತೆ ಮಾಡಬೇಕು. ಫೋಟೊಗಳಿಂದಲೇ ಕೋನ ಲೆಕ್ಕ ಹಾಕುವ ಸಾಮಾನ್ಯ ಡ್ರೋನ್ ಕೆಲಸಕ್ಕೆ ಇದರ ಚಿಂತೆ ಬೇಡ.

ನಮ್ಮ ನಕ್ಷೆಯಲ್ಲಿ ಸಮತಟ್ಟಾದ ಜಾಗ ನಡುವೆ ಉಬ್ಬಿದ ಹಾಗೆ ಬಂದಿದೆ. ಯಾಕೆ?

ಇದು ಡ್ರೋನ್ ನಕ್ಷೆಗಳ ಬಹಳ ಹಳೆಯ ಕಾಯಿಲೆ. ನಡು ಉಬ್ಬಿ ಅಂಚು ತಗ್ಗಿರುತ್ತದೆ, ಇಲ್ಲವೇ ಬಾಣಲೆಯ ಹಾಗೆ ನಡು ತಗ್ಗಿರುತ್ತದೆ.

ಕಾರಣ ಲೆನ್ಸ್. ನಡುವಿನಿಂದ ಅಂಚಿಗೆ ಹೋದ ಹಾಗೆ ಲೆನ್ಸ್ ಚಿತ್ರವನ್ನು ಎಳೆಯುತ್ತದೆ ಅಥವಾ ಕುಗ್ಗಿಸುತ್ತದೆ. ಅದರ ಅಂದಾಜು ಸ್ವಲ್ಪ ತಪ್ಪಿದ್ದರೆ, ಪ್ರತಿ ಜೋಡಿ ಫೋಟೊದಿಂದ ಬರುವ ನೆಲ ಚೂರು ಬಾಗಿರುತ್ತದೆ. ನೂರಾರು ಜೋಡಿಗಳನ್ನು ಅಂಟಿಸುತ್ತಾ ಹೋದಾಗ ಆ ಬಾಗು ಕೂಡಿಕೊಂಡು ಗುಮ್ಮಟವಾಗುತ್ತದೆ. ನೆಲ ಬಾಗಿದ ಹಾಗೇ ಕ್ಯಾಮೆರಾಗಳ ಸಾಲೂ ಬಾಗುತ್ತದೆ. ಹಾಗಾಗಿ ಜೋಡಣೆ ಬಿಂದುಗಳೆಲ್ಲಾ ಸರಿಯಾಗಿಯೇ ಕೂರುತ್ತವೆ. ರಿಪೋರ್ಟ್‌ನ ಪಿಕ್ಸೆಲ್ ತಪ್ಪು 0.5ಕ್ಕಿಂತ ಕಡಿಮೆ ಎಂದು ಬಂದರೂ ನೆಲ ಅರ್ಧ ಮೀಟರ್ ಉಬ್ಬಿರಬಹುದು. ಎಲ್ಲಾ ಫೋಟೊ ನೇರ ಕೆಳಗೆ ನೋಡುತ್ತಿದ್ದರೆ, ಎಲ್ಲಾ ಸಾಲು ಒಂದಕ್ಕೊಂದು ಸಮಾನಾಂತರವಾಗಿದ್ದರೆ, ನೆಲವೂ ಸಪಾಟಾಗಿದ್ದರೆ ಈ ಕಾಯಿಲೆ ಗ್ಯಾರಂಟಿ ಎನ್ನುವಷ್ಟು ಸಾಮಾನ್ಯ. ರಾಯಚೂರು, ವಿಜಯಪುರದ ಕಡೆಯ ಬಯಲು ಹೊಲಗಳನ್ನು ನೆನೆಸಿಕೊಳ್ಳಿ.

ಔಷಧ ಹಾರಾಟದಲ್ಲೇ ಇದೆ. ಮೊದಲು ಉದ್ದಕ್ಕೆ ಹಾರಿ, ಆಮೇಲೆ ಕೆಲವು ಸಾಲು ಅಡ್ಡಕ್ಕೆ ಹಾರಿ. ಆ ಅಡ್ಡಸಾಲುಗಳನ್ನು 20–30 ಶೇಕಡಾ ಬೇರೆ ಎತ್ತರದಲ್ಲಿ ಹಾರಿದರೆ ಫೋಕಲ್ ಉದ್ದದ ಗಂಟೂ ಬಿಡಿಸಿಕೊಳ್ಳುತ್ತದೆ. ಕ್ಯಾಮೆರಾವನ್ನು 20–30 ಡಿಗ್ರಿ ಓರೆ ಮಾಡಿ ತೆಗೆದ ಒಂದಷ್ಟು ಫೋಟೊಗಳಂತೂ ತುಂಬಾ ಸಹಾಯ ಮಾಡುತ್ತವೆ. ಇದಕ್ಕೆ ಒಂದು ಬ್ಯಾಟರಿ ಜಾಸ್ತಿ ಖರ್ಚಾಗಬಹುದು. ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಖರ್ಚು ಈ ಕೆಲಸದಲ್ಲಿ ಇನ್ನೊಂದಿಲ್ಲ. ಆರ್‌ಟಿಕೆ ಸ್ಥಾನಗಳೂ ಕ್ಯಾಮೆರಾಗಳ ಸಾಲು ಬಾಗದಂತೆ ಹಿಡಿದಿಡುತ್ತವೆ. ನಡುವೆ ಒಂದು ಚೆಕ್ ಪಾಯಿಂಟ್ ಇಡದೆ ಉಬ್ಬು ಹೋಯಿತು ಎಂದು ಹೇಳಲು ಮಾತ್ರ ಆಗುವುದಿಲ್ಲ.

ಕ್ಯಾಮೆರಾವನ್ನು ಒಮ್ಮೆ ಕ್ಯಾಲಿಬ್ರೇಟ್ ಮಾಡಿಸಿದರೆ ಸಾಲದಾ?

ದೊಡ್ಡ ಸರ್ವೆ ಕ್ಯಾಮೆರಾಗಳಿಗೆ ಸಾಕಾಗಬಹುದು. ಅವುಗಳ ಲೆನ್ಸ್ ಅಲುಗಾಡದಂತೆ ಕಟ್ಟಿರುತ್ತಾರೆ. ಡ್ರೋನ್ ಕ್ಯಾಮೆರಾ ಬಿಸಿಲಿಗೆ ಹಿಗ್ಗುತ್ತದೆ, ಇಳಿಯುವಾಗ ಕುಲುಕುತ್ತದೆ, ಫೋಕಸ್ ಬದಲಾದರೆ ಫೋಕಲ್ ಉದ್ದವೂ ಬದಲಾಗುತ್ತದೆ. ಆದ್ದರಿಂದ ಪ್ರತಿ ಹಾರಾಟಕ್ಕೂ ಅದನ್ನು ಫೋಟೊಗಳಿಂದಲೇ ಲೆಕ್ಕ ಹಾಕಿಸಿ. ಆಟೊಫೋಕಸ್ ಅನ್ನು ಮೇಲೆ ಹೋದ ಮೇಲೆ ಒಮ್ಮೆ ಮಾಡಿ ಲಾಕ್ ಮಾಡಿ. ಕ್ಯಾಮೆರಾದೊಳಗೇ ಲೆನ್ಸ್ ಬಾಗು ಸರಿಪಡಿಸುವ ಆಯ್ಕೆ ಇದ್ದರೆ ಆಫ್ ಮಾಡಿ. ಹಿಂದಿನ ಹಾರಾಟಗಳ ಫೋಕಲ್ ಉದ್ದ ಬರೆದಿಟ್ಟುಕೊಳ್ಳುವ ಅಭ್ಯಾಸ ಬಹಳ ಉಪಯೋಗಕ್ಕೆ ಬರುತ್ತದೆ. ಇವತ್ತಿನದು ಇದ್ದಕ್ಕಿದ್ದಂತೆ 10 ಪಿಕ್ಸೆಲ್ ದೂರ ಹೋಗಿದ್ದರೆ ಎಲ್ಲೋ ಏನೋ ಅಡಗಿದೆ.

ರೋಲಿಂಗ್ ಶಟರ್ ಕ್ಯಾಮೆರಾದಲ್ಲಿ ಸರ್ವೆ ಮಾಡಬಹುದಾ?

ಅಂತಹ ಕ್ಯಾಮೆರಾ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ. ಪೂರ್ತಿ ಓದಲು 30 ಮಿಲಿಸೆಕೆಂಡ್ ಹಿಡಿದರೆ, ಅಷ್ಟರಲ್ಲಿ 10 ಮೀಟರ್ ವೇಗದ ಡ್ರೋನ್ 30 ಸೆಂ.ಮೀ. ಮುಂದೆ ಹೋಗಿರುತ್ತದೆ. ಅಂದರೆ ಒಂದು ಫೋಟೊಗೆ ಒಂದೇ ಸ್ಥಾನ ಎಂಬ ಮಾತೇ ಸುಳ್ಳಾಗುತ್ತದೆ. ಸಾಫ್ಟ್‌ವೇರ್ ಇದನ್ನು ಸ್ವಲ್ಪ ಸರಿಪಡಿಸುತ್ತದೆ. ಗಡಿ ಗುರುತಿಸುವ ಕೆಲಸವಿದ್ದರೆ ಮೆಕ್ಯಾನಿಕಲ್ ಅಥವಾ ಗ್ಲೋಬಲ್ ಶಟರ್ ಇರುವುದನ್ನೇ ತೆಗೆದುಕೊಳ್ಳಿ. ಶಟರ್ ವೇಗ ಸೆಕೆಂಡಿನ 1/1000 ಇದ್ದರೆ ಚಿತ್ರ ಮಸುಕಾಗುವುದು 1 ಸೆಂ.ಮೀ. ಮಾತ್ರ.

ಜಿಸಿಪಿ ಎಷ್ಟು ಹಾಕಬೇಕು, ಎಲ್ಲಿ, ಹೇಗೆ?

ಆರ್‌ಟಿಕೆ ಇಲ್ಲದ ಡ್ರೋನ್‌ನಲ್ಲಿ ಸಣ್ಣ ಊರಿಗೆ ಐದು: ನಾಲ್ಕು ಮೂಲೆ, ಒಂದು ನಡುವೆ. ಜಾಗ ದೊಡ್ಡದಾದ ಹಾಗೆ ಸೇರಿಸುತ್ತಾ ಹೋಗಿ. ಎಲ್ಲವನ್ನೂ ರಸ್ತೆ ಬದಿಯಲ್ಲೇ ಸಾಲಾಗಿ ಹಾಕಬೇಡಿ. ನಡೆಯುವುದಕ್ಕೆ ಸುಲಭ, ನಿಜ. ಆದರೆ ಆ ಸಾಲಿನ ಸುತ್ತ ನಕ್ಷೆ ತಿರುಗಿಬಿಡುತ್ತದೆ. ಗುಡ್ಡ, ತಗ್ಗು ಇದ್ದರೆ ಎರಡರಲ್ಲೂ ಒಂದೊಂದು ಇರಲಿ.

ಗುರುತು ಕಪ್ಪು ಬಿಳುಪು ಚೌಕಗಳದ್ದಾಗಿರಲಿ, 50–60 ಸೆಂ.ಮೀ. ಅಗಲವಿರಲಿ. ಫ್ಲೆಕ್ಸ್ ತುಂಡಿಗೆ ನಾಲ್ಕೂ ಮೂಲೆಗೆ ಮೊಳೆ ಹೊಡೆಯಿರಿ, ಗಾಳಿಗೆ ಒಂದು ಅಂಚು ಎದ್ದರೂ ಎತ್ತರ ಹೋಯಿತು. ಕಾಂಕ್ರೀಟ್ ರಸ್ತೆ ಇದ್ದರೆ ಬಣ್ಣ ಬಳಿಯುವುದು ಇನ್ನೂ ಒಳ್ಳೆಯದು. ಸುಣ್ಣದ ಗುರುತು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಆದರೆ ಅಂಚು ಹರಡಿಕೊಳ್ಳುವುದರಿಂದ ನಡುಬಿಂದು ಹಿಡಿಯುವುದು ಕಷ್ಟ.

ಅಳೆಯುವಾಗ ರೋವರ್ (ಓಡಾಡಿಸುವ ಜಿಪಿಎಸ್ ರಿಸೀವರ್) ಕೋಲನ್ನು ಕೈಯಲ್ಲಿ ಹಿಡಿಯಬೇಡಿ. 2 ಮೀಟರ್ ಕೋಲು 1 ಡಿಗ್ರಿ ವಾಲಿದರೆ ತುದಿ 3.5 ಸೆಂ.ಮೀ. ಸರಿಯುತ್ತದೆ. ಬೈಪಾಡ್ ಹಾಕಿ. ಒಮ್ಮೆ ಅಳೆದು, ಒಂದೆರಡು ಗಂಟೆ ಬಿಟ್ಟು ರಿಸೀವರ್ ಆಫ್ ಮಾಡಿ ಆನ್ ಮಾಡಿ ಮತ್ತೆ ಅಳೆಯಿರಿ. ಎರಡೂ ಹೊಂದಿದರೆ ಮಾತ್ರ ಬರೆದುಕೊಳ್ಳಿ. ನೆಲದ ಅಳತೆಗಿಂತ ನಕ್ಷೆ ನಿಖರವಾಗಲು ಸಾಧ್ಯವಿಲ್ಲ ಅಲ್ವಾ?

ಕಾಲುವೆ, ರಸ್ತೆಯಂತಹ ಉದ್ದ ಕೆಲಸಕ್ಕೆ ಬೇರೆ ನಿಯಮ ಇದೆಯಾ?

ಇದೆ. ಒಂದೇ ಸಾಲು ಹಾರಿದರೆ ಎಲ್ಲಾ ಕ್ಯಾಮೆರಾಗಳೂ ಒಂದೇ ಗೆರೆಯ ಮೇಲಿರುತ್ತವೆ. ಆ ಗೆರೆಯ ಸುತ್ತ ಇಡೀ ನೆಲ ಎಡಕ್ಕೋ ಬಲಕ್ಕೋ ವಾಲಿದರೂ ಸ್ಥಾನಗಳಿಂದ ಅದನ್ನು ತಡೆಯಲು ಆಗುವುದಿಲ್ಲ. ಎರಡು ಮೂರು ಸಮಾನಾಂತರ ಸಾಲು ಹಾರಿ, ಎತ್ತರ ಸ್ವಲ್ಪ ಬೇರೆ ಇರಲಿ. ಜಿಸಿಪಿಗಳನ್ನು ಕಾಲುವೆಯ ಎರಡೂ ದಂಡೆಗೆ ಎಡ ಬಲ ಎಂದು ಬದಲಾಯಿಸುತ್ತಾ ಹಾಕಿ. ಒಳ್ಳೆಯ ಐಎಂಯುಗೆ ಕೊಟ್ಟ ಹಣ ತೀರುವುದು ಇಂತಹ ಕೆಲಸದಲ್ಲೇ.

ಎತ್ತರದಲ್ಲಿ 80ಕ್ಕಿಂತ ಹೆಚ್ಚು ಮೀಟರ್ ವ್ಯತ್ಯಾಸ ಬರುತ್ತಿದೆ. ಡ್ರೋನ್ ಕೆಟ್ಟಿದೆಯಾ?

ಇಲ್ಲ. ಜಿಪಿಎಸ್ ಅಳೆಯುವ ಎತ್ತರ ಭೂಮಿಯ ಗಣಿತದ ಆಕಾರದಿಂದ. ನಾವು ಬಳಸುವ ಎತ್ತರ ಸಮುದ್ರ ಮಟ್ಟದಿಂದ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಗುರುತ್ವ ಕಡಿಮೆ ಇರುವ ದೊಡ್ಡ ತಗ್ಗು ಇದೆ. ಅದರ ಪ್ರಭಾವ ನಮ್ಮವರೆಗೂ ಬರುತ್ತದೆ. ಬೆಂಗಳೂರಿನಲ್ಲಿ ಈ ವ್ಯತ್ಯಾಸ ಸುಮಾರು 85 ಮೀಟರ್. ಸಮುದ್ರ ಮಟ್ಟದಿಂದ 920 ಮೀಟರ್ ಎತ್ತರದ ಜಾಗವನ್ನು ಜಿಪಿಎಸ್ ಸುಮಾರು 835 ಎಂದು ತೋರಿಸುತ್ತದೆ.

ಸರ್ವೆ ಆಫ್ ಇಂಡಿಯಾದ ಬೆಂಚ್ ಮಾರ್ಕ್‌ಗಳ, ಅಂದರೆ ಎತ್ತರ ಅಳೆದು ಗುರುತಿಸಿದ ಜಾಗಗಳ, ಎತ್ತರಕ್ಕೆ ಮೂಲ ಕರಾವಳಿಯ ಒಂಬತ್ತು ಕಡೆ ಅಳೆದ ಸಮುದ್ರ ಮಟ್ಟ. ಅದರಲ್ಲಿ ನಮ್ಮ ಕಾರವಾರವೂ ಒಂದು. ಕಾಲುವೆ, ಚರಂಡಿ, ಕೆರೆ ಕೆಲಸಕ್ಕೆ ಜಿಯಾಯ್ಡ್ ಮಾದರಿ, ಅಂದರೆ ಈ ಎರಡು ಎತ್ತರಗಳ ವ್ಯತ್ಯಾಸದ ಲೆಕ್ಕ, ಹಾಕಿ ಬಿಟ್ಟುಬಿಡಬೇಡಿ. ಹತ್ತಿರದ ಬೆಂಚ್ ಮಾರ್ಕ್ ಮೇಲೆ ರೋವರ್ ಇಟ್ಟು ಎಷ್ಟು ಉಳಿಯುತ್ತದೆ ನೋಡಿ. ಕ್ಯಾಮೆರಾ ಸ್ಥಾನ ಒಂದು ಎತ್ತರದಲ್ಲಿ, ಜಿಸಿಪಿ ಇನ್ನೊಂದರಲ್ಲಿ ಕೊಟ್ಟರೆ ಲೆಕ್ಕವೇ ಕೂರುವುದಿಲ್ಲ.

ನಕ್ಷೆಯಲ್ಲಿ ಅಳೆದ ಉದ್ದ ಟೇಪಿನಲ್ಲಿ ಅಳೆದದ್ದಕ್ಕೆ ಹೊಂದುತ್ತಿಲ್ಲ. ಎಲ್ಲಿ ತಪ್ಪು?

ತಪ್ಪು ಇರದೆಯೂ ಹೀಗಾಗಬಹುದು. ಭೂಮಿಯನ್ನು ವಲಯಗಳಾಗಿ ಹಂಚಿ ನಕ್ಷೆ ಮಾಡುವ ಯುಟಿಎಂ ಪದ್ಧತಿ, ದುಂಡು ಭೂಮಿಯನ್ನು ಚಪ್ಪಟೆ ಹಾಳೆಗೆ ತರುವಾಗ ಉದ್ದಗಳನ್ನು ಸ್ವಲ್ಪ ಬದಲಾಯಿಸುತ್ತದೆ. 43ನೇ ವಲಯದ ನಡುಗೆರೆ 75 ಡಿಗ್ರಿ ಪೂರ್ವ. ಹುಬ್ಬಳ್ಳಿ ಅದರ ಪಕ್ಕದಲ್ಲೇ ಇದೆ. ಅಲ್ಲಿ ನೆಲದ 1 ಕಿ.ಮೀ. ನಕ್ಷೆಯಲ್ಲಿ ಸುಮಾರು ಅರ್ಧ ಮೀಟರ್ ಕಡಿಮೆ ಬರುತ್ತದೆ. ಬೆಂಗಳೂರು ನಡುಗೆರೆಯಿಂದ ದೂರ. ಅಲ್ಲಿ ಅದೇ 1 ಕಿ.ಮೀ. ಸುಮಾರು 45 ಸೆಂ.ಮೀ. ಜಾಸ್ತಿ ಬರುತ್ತದೆ. ನಿವೇಶನದ ಅಳತೆಗೆ ಇದು ಲೆಕ್ಕಕ್ಕೆ ಬರುವುದಿಲ್ಲ. ಹೆದ್ದಾರಿ, ಪೈಪ್‌ಲೈನ್‌ಗೆ ಬರುತ್ತದೆ.

ಓರಿಯೆಂಟೇಶನ್‌ಗೂ ಇದರ ನಂಟಿದೆ. ಯುಟಿಎಂ ಅಡ್ಡ ಉದ್ದಗಳನ್ನು ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ, ಎತ್ತರವನ್ನು ಹಾಗೇ ಬಿಡುತ್ತದೆ. ಲೆಕ್ಕವನ್ನು ನೇರ ಯುಟಿಎಂನಲ್ಲೇ ಮಾಡುವ ಹಳೆಯ ಸಾಫ್ಟ್‌ವೇರ್‌ನಲ್ಲಿ, ಬೆಂಗಳೂರಿನ ಮೇಲೆ 100 ಮೀಟರ್‌ನಿಂದ ತೆಗೆದರೆ ಎತ್ತರ ಸುಮಾರು 5 ಸೆಂ.ಮೀ. ತಪ್ಪಬಹುದು. 1500 ಮೀಟರ್‌ನಿಂದ ತೆಗೆದರೆ ಅರ್ಧ ಮೀಟರ್‌ಗಿಂತ ಜಾಸ್ತಿ. ಈಗಿನ ಬಹುತೇಕ ಸಾಫ್ಟ್‌ವೇರ್ ಒಳಗೆ ನಿಜವಾದ ಮೂರು ಆಯಾಮದಲ್ಲೇ ಲೆಕ್ಕ ಮಾಡಿ ಕೊನೆಗೆ ಯುಟಿಎಂಗೆ ತರುತ್ತದೆ.

ಕೋಲಾರದವರಿಗೆ ಒಂದು ಮಾತು. 78 ಡಿಗ್ರಿ ದಾಟಿದರೆ 44ನೇ ವಲಯ. ಕೋಲಾರ, ಮುಳಬಾಗಿಲು, ಕೆಜಿಎಫ್ ಎಲ್ಲಾ ಆ ಕಡೆಗೇ ಬರುತ್ತವೆ. ಬೆಂಗಳೂರಿನ ಕೆಲಸದ ಫೈಲ್ ಕಾಪಿ ಮಾಡಿ ವಲಯ ಬದಲಾಯಿಸಲು ಮರೆಯಬೇಡಿ.

ಅಡಿಕೆ, ಕಾಫಿ ತೋಟದಲ್ಲಿ ಫೋಟೊಗಳೇ ಜೋಡಣೆ ಆಗುವುದಿಲ್ಲ. ಏನು ಮಾಡಲಿ?

ಗಾಳಿಗೆ ಸೋಗೆ ಅಲುಗಾಡುತ್ತದೆ, ಎಲ್ಲಾ ಮರವೂ ಒಂದೇ ತರಹ ಕಾಣುತ್ತದೆ. ಮುಂಜಾನೆ ಗಾಳಿ ಕಡಿಮೆ ಇರುವಾಗ ಹಾರಿ. ಓವರ್‌ಲ್ಯಾಪ್, ಅಂದರೆ ಅಕ್ಕಪಕ್ಕದ ಎರಡು ಫೋಟೊಗಳಲ್ಲೂ ಕಾಣುವ ಭಾಗವನ್ನು, ಮುಂದಕ್ಕೆ 85, ಪಕ್ಕಕ್ಕೆ 75–80 ಶೇಕಡಾಕ್ಕೆ ಏರಿಸಿ. ಸ್ವಲ್ಪ ಮೇಲೆ ಹಾರುವುದೂ ಸಹಾಯ ಮಾಡುತ್ತದೆ. ಆದರೆ 2021ರ ಡ್ರೋನ್ ನಿಯಮಗಳಂತೆ ಹಾರಾಟಕ್ಕೆ ತೆರೆದಿಟ್ಟ ಹಸಿರು ವಲಯದಲ್ಲಿ 400 ಅಡಿ, ಅಂದರೆ ಸುಮಾರು 120 ಮೀಟರ್‌ವರೆಗೆ ಮಾತ್ರ ಬೇರೆ ಅನುಮತಿ ಬೇಡ. ಸ್ಥಾನದ ಆರ್‌ಟಿಕೆ ಲೆಕ್ಕ ಇಂತಹ ಕಡೆ ದೊಡ್ಡ ಆಸರೆ. ಮರದ ಕೆಳಗಿನ ನೆಲ ಬೇಕಿದ್ದರೆ ಫೋಟೊದಿಂದ ಆಗುವುದಿಲ್ಲ, ಲೈಡಾರ್ ಬೇಕು.

ರಿಪೋರ್ಟ್‌ನಲ್ಲಿ ತಪ್ಪು 1 ಸೆಂ.ಮೀ. ಎಂದು ಬಂದಿದೆ. ನಂಬಬಹುದಾ?

ಅದು ಯಾವ ಬಿಂದುಗಳ ತಪ್ಪು ಎಂದು ಮೊದಲು ನೋಡಿ. ಜಿಸಿಪಿಗಳದ್ದಾದರೆ ಅದು ನಿಖರತೆಯ ಪುರಾವೆ ಅಲ್ಲ. ಆ ಬಿಂದುಗಳ ಕಡೆಗೇ ನಕ್ಷೆಯನ್ನು ಎಳೆದಿದ್ದಾರೆ, ಹತ್ತಿರ ಬಂದೇ ಬರುತ್ತದೆ. ಲೆಕ್ಕಕ್ಕೆ ಸೇರಿಸದ ಚೆಕ್ ಪಾಯಿಂಟ್‌ಗಳ ತಪ್ಪು ಎಷ್ಟು ಎಂಬುದೇ ಮುಖ್ಯ.

ಇದು ಹೊಸ ಯೋಚನೆಯಲ್ಲ. ಬ್ರಿಟಿಷ್ ಸರ್ವೆಯರ್ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಒಂದು ಬೇಸ್ ಲೈನ್ ಅಳೆದು, ಅಲ್ಲಿಂದ ತ್ರಿಕೋನಗಳನ್ನು ಕಟ್ಟುತ್ತಾ ಮೈಸೂರು ಸೀಮೆಗೆ ಬಂದರು. 1804ರಲ್ಲಿ ಬೆಂಗಳೂರಿನ ಹತ್ತಿರ ಇನ್ನೊಂದು ಬೇಸ್ ಲೈನನ್ನು ನೆಲದ ಮೇಲೆ ಅಳೆಸಿದರು. ಅದು ಲೆಕ್ಕದ ಉದ್ದಕ್ಕೆ ಹೊಂದುತ್ತದೆಯಾ ಎಂದು ನೋಡುವುದಷ್ಟೇ ಉದ್ದೇಶ. ಮೈಲಿಗಟ್ಟಲೆ ಉದ್ದದ ಆ ಗೆರೆಯಲ್ಲಿ ವ್ಯತ್ಯಾಸ ಬಂದದ್ದು ಕೆಲವೇ ಇಂಚು. ಅಳೆಯದೆ ಬಿಟ್ಟಿದ್ದರೂ ಲೆಕ್ಕ ಅಷ್ಟೇ ಒಳ್ಳೆಯದಿರುತ್ತಿತ್ತು. ಆದರೆ ಅದು ಒಳ್ಳೆಯದೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅಮೆರಿಕದ ಫೋಟೊಗ್ರಾಮೆಟ್ರಿ ಸಂಘದ ಈಗಿನ ಮಾನದಂಡ ಕನಿಷ್ಠ 30 ಚೆಕ್ ಪಾಯಿಂಟ್ ಕೇಳುತ್ತದೆ. ಸಣ್ಣ ಊರಿನ ಕೆಲಸಕ್ಕೆ ಅಷ್ಟು ಆಗದಿರಬಹುದು. ಹರಡಿಕೊಂಡ ಐದಾರಾದರೂ ಇರಲಿ. ಸರಾಸರಿ ತಪ್ಪನ್ನೂ ಬೇರೆಯಾಗಿ ನೋಡಿ. ಎಲ್ಲಾ ಚೆಕ್ ಪಾಯಿಂಟ್ 7 ಸೆಂ.ಮೀ. ಕೆಳಗೇ ಇದ್ದರೆ ಫೋಕಲ್ ಉದ್ದ ಅಥವಾ ಆಂಟೆನಾ ಎತ್ತರ ನೋಡಬೇಕು. ನಡುವಿನದು ಮೇಲೆ, ಅಂಚಿನವು ಕೆಳಗೆ ಇದ್ದರೆ ಲೆನ್ಸ್ ನೋಡಬೇಕು.

ಸಾಫ್ಟ್‌ವೇರ್‌ನ ಒಂದು ಸೆಟ್ಟಿಂಗ್ ಬಗ್ಗೆ ಹೇಳಲೇಬೇಕು. ಮೆಟಾಶೇಪ್‌ನಲ್ಲಿ ಕ್ಯಾಮೆರಾ ಸ್ಥಾನದ ನಿಖರತೆ ಮೊದಲಿಗೆ 10 ಮೀಟರ್ ಎಂದು ಇರುತ್ತದೆ. ಅದನ್ನು ಹಾಗೇ ಬಿಟ್ಟರೆ ನೀವು ಕಷ್ಟಪಟ್ಟು ತಂದ 2 ಸೆಂ.ಮೀ. ಆರ್‌ಟಿಕೆಗೆ ಬೆಲೆಯೇ ಇರುವುದಿಲ್ಲ. ಹಾಗೆಂದು 1 ಮಿ.ಮೀ. ಎಂದೂ ಕೊಡಬೇಡಿ. ಆಗ ಸ್ಥಾನದ ತಪ್ಪು ಲೆನ್ಸಿಗೆ ಹೋಗಿ ಕೂರುತ್ತದೆ. ನಿಜವಾಗಿ ಎಷ್ಟಿದೆಯೋ ಅಷ್ಟೇ ಕೊಡಿ. ಅಡ್ಡಕ್ಕೆ 2, ಎತ್ತರಕ್ಕೆ 4 ಸೆಂ.ಮೀ. ಸುತ್ತಮುತ್ತ ಇರುತ್ತದೆ.

ಸ್ವಾಮಿತ್ವ ಯೋಜನೆಯ ನಕ್ಷೆಯಿಂದ ಪಕ್ಕದ ಮನೆಯವರ ಜೊತೆಗಿನ ಗಡಿ ಜಗಳ ಬಗೆಹರಿಯುತ್ತದಾ?

ಸ್ವಾಮಿತ್ವ 2020ರ ಏಪ್ರಿಲ್ 24ರಂದು ಶುರುವಾಯಿತು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಗ್ರಾಮಠಾಣದ ಮನೆಗಳನ್ನು ಡ್ರೋನ್‌ನಿಂದ 1:500 ಅಳತೆಯಲ್ಲಿ ನಕ್ಷೆ ಮಾಡುತ್ತಾರೆ. ಹಾರುವ ಮೊದಲು ಗಡಿಗೆ ಸುಣ್ಣದ ಗೆರೆ ಎಳೆಸುವುದನ್ನು ನೀವು ನೋಡಿರಬಹುದು. ಆ ಗೆರೆ ಬಹಳ ಮುಖ್ಯ. ಓರಿಯೆಂಟೇಶನ್ ಎಷ್ಟೇ ಚೆನ್ನಾಗಿರಲಿ, ಕ್ಯಾಮೆರಾಗೆ ಮೇಲಿನಿಂದ ಕಾಣುವುದು ಚಾವಣಿಯ ಅಂಚು. ಗೋಡೆ ಅದರ ಕೆಳಗೆ, ಒಂದೆರಡು ಅಡಿ ಒಳಗಿರುತ್ತದೆ. ಹೆಂಚಿನ ಮನೆಗಳು ಒತ್ತೊತ್ತಾಗಿರುವ ಓಣಿಯಲ್ಲಿ ಗಡಿ ಕಾಣುವುದೇ ಇಲ್ಲ.

ಆದ್ದರಿಂದ ಗಡಿ ಎಲ್ಲಿ ಎಂಬುದನ್ನು ಇಬ್ಬರೂ ನಿಂತು ಒಪ್ಪಿ ಸುಣ್ಣ ಹಾಕಿಸಬೇಕು. ಒಪ್ಪಿದ ಗೆರೆಯನ್ನು ಕೆಲವೇ ಸೆಂ.ಮೀ. ತಪ್ಪಿನೊಳಗೆ ದಾಖಲಿಸುವುದು ಡ್ರೋನ್‌ನಿಂದ ಆಗುತ್ತದೆ. ಕರಡು ನಕ್ಷೆ ಬಂದಾಗ ಪಂಚಾಯಿತಿಗೆ ಹೋಗಿ ನಿಮ್ಮ ಮನೆಯ ಅಳತೆ ನೋಡಿ. ಟೇಪ್ ಹಿಡಿದು ಎರಡು ಗೋಡೆ ಅಳೆದರೆ ಸಾಕು, ದೊಡ್ಡ ತಪ್ಪಿದ್ದರೆ ಗೊತ್ತಾಗುತ್ತದೆ. ತಕರಾರು ಹೇಳಲು ಇರುವ ಸಮಯದಲ್ಲೇ ಬರೆದು ಕೊಡಿ.

ಹಾರಿಸಿ ಆಗಿದೆ. ಜಿಸಿಪಿ ಹಾಕಿರಲಿಲ್ಲ. ಈಗ ನಿಖರತೆ ಹೆಚ್ಚಿಸಬಹುದಾ?

ಸಾಕಷ್ಟು ಮಾಡಬಹುದು. ಫೋಟೊದಲ್ಲಿ ಸ್ಪಷ್ಟವಾಗಿ ಕಾಣುವ, ಇನ್ನೂ ಜಾಗ ಬಿಟ್ಟು ಕದಲದ ವಸ್ತುಗಳನ್ನು ಹುಡುಕಿ. ಮ್ಯಾನ್‌ಹೋಲ್ ಮುಚ್ಚಳದ ನಡು, ರಸ್ತೆಯ ಬಿಳಿ ಪಟ್ಟಿಯ ಮೂಲೆ, ಕಾಂಕ್ರೀಟ್ ಕಟ್ಟೆಯ ಮೂಲೆ, ಕಣದ ಸಿಮೆಂಟ್ ಅಂಚು. ಗೋಡೆ ಮತ್ತು ಚಾವಣಿ ಬೇಡ. ರೋವರ್ ತೆಗೆದುಕೊಂಡು ಹೋಗಿ ಅವನ್ನು ಅಳೆಯಿರಿ. ಅರ್ಧವನ್ನು ಜಿಸಿಪಿಯಾಗಿ, ಅರ್ಧವನ್ನು ಚೆಕ್ ಪಾಯಿಂಟ್ ಆಗಿ ಬಳಸಿ. ಬೇಸ್‌ನ ಕಚ್ಚಾ ದತ್ತಾಂಶ ಉಳಿದಿದ್ದರೆ ಅದರ ಸ್ಥಾನವನ್ನು ಹೊಸದಾಗಿ ಲೆಕ್ಕ ಹಾಕಿ ಎಲ್ಲಾ ಕ್ಯಾಮೆರಾಗಳನ್ನೂ ಅಷ್ಟೇ ಸರಿಸಬಹುದು.

ಉಬ್ಬು ಬಂದಿದ್ದರೆ ಮತ್ತೆ ಪೂರ್ತಿ ಹಾರುವುದು ಬೇಡ. ಅದೇ ಕ್ಯಾಮೆರಾದಲ್ಲಿ ಕೆಲವು ಓರೆ ಫೋಟೊ, ಎರಡು ಅಡ್ಡಸಾಲು ತೆಗೆದು ಹಳೆಯದರ ಜೊತೆ ಸೇರಿಸಿ. ಆಗ ಹೊಸ ಫೋಟೊಗಳಿಗೆ ಬೇರೆ ಕ್ಯಾಮೆರಾ ಗುಂಪು ಮಾಡಿ ನೋಡಿ, ಒಂದೇ ಗುಂಪಿನಲ್ಲೂ ನೋಡಿ, ಚೆಕ್ ಪಾಯಿಂಟ್ ಯಾವುದರಲ್ಲಿ ಚೆನ್ನಾಗಿ ಬರುತ್ತದೋ ಅದನ್ನು ಇಟ್ಟುಕೊಳ್ಳಿ. ನಡುವೆ ಬೆಳೆ ಕೊಯ್ಲಾಗಿದ್ದರೆ ಅಥವಾ ಮಣ್ಣು ತೆಗೆದಿದ್ದರೆ ಹಳೆಯದು, ಹೊಸದು ಜೋಡಣೆ ಆಗುವುದಿಲ್ಲ. ಆಗ ಮತ್ತೆ ಹಾರಲೇಬೇಕು.